ಗುಳೆ ಹೋದ ಮಗುವಿನ ಹಾಜರಿ ಯಾರ ಲೆಕ್ಕದಲ್ಲಿ?

ನಮ್ಮ ಸರ್ಕಾರಿ ಶಾಲೆಗಳ ವರ್ಷ ಮೇ ಕೊನೆಗೆ ಶುರುವಾಗಿ ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಮುಗಿಯುತ್ತದೆ. ಗುಳೆಯ ವರ್ಷಕ್ಕೆ ಬೇರೆಯದೇ ಲೆಕ್ಕ. ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳ, ವಿಜಯಪುರ ಕಡೆ ಭೂಮಿ ಇಲ್ಲದ ಮನೆಗಳು, ಮಳೆಯನ್ನೇ ನಂಬಿದ ಎರಡು ಮೂರು ಎಕರೆಯ ಮನೆಗಳು ಮುಂಗಾರಿನ ಕೆಲಸ ಇರುವವರೆಗೆ ಊರಲ್ಲಿರುತ್ತವೆ. ಕಬ್ಬು ಕಡಿಯಲು ಹೋಗುವವರು ದಸರಾ-ದೀಪಾವಳಿ ಹೊತ್ತಿಗೇ ಹೊರಡುತ್ತಾರೆ. ಉಳಿದವರು ಹತ್ತಿ ಬಿಡಿಸಿ, ತೊಗರಿ ರಾಶಿ ಮುಗಿಸಿ, ಸಂಕ್ರಾಂತಿಯ ಆಸುಪಾಸಿನಲ್ಲಿ ಬೆಂಗಳೂರು, ಪುಣೆ, ಮುಂಬೈ, ಗೋವಾ, ಹೈದರಾಬಾದ್ ಕಡೆಗೆ ಬಸ್ಸು ಹತ್ತುತ್ತಾರೆ. ಬಹಳಷ್ಟು ಮಂದಿ ವಾಪಸ್ ಬರುವುದು ಮತ್ತೆ ಮಳೆ ಶುರುವಾಗುವ ಹೊತ್ತಿಗೆ. ಅಂದರೆ ತರಗತಿಯಲ್ಲಿ ಅರ್ಧ ಪಾಠ ಆಗಿರುತ್ತದೆ, ಅಷ್ಟರಲ್ಲಿ ಮಗು ಊರು ಬಿಟ್ಟಿರುತ್ತದೆ. ಜೊತೆಯವರು ಮಾರ್ಚ್‌ನಲ್ಲಿ ಪರೀಕ್ಷೆ ಬರೆಯುವಾಗ ಅದು ಯಾವುದೋ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿರುತ್ತದೆ.

ಈ ಮಗುವಿಗೆ ಶಿಕ್ಷಣದ ಹಕ್ಕು ಇದೆಯಾ ಅಂತ ಕೇಳಿದರೆ ಖಂಡಿತ ಇದೆ. ಸಂವಿಧಾನದ 21ಎ ವಿಧಿಯಲ್ಲಿದೆ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿದೆ. ಆದರೆ ಆ ಹಕ್ಕನ್ನು ನಾವು ಒಂದು ಊರಿನ ಒಂದು ಶಾಲೆಯ ಹಾಜರಿ ಪುಸ್ತಕಕ್ಕೆ ಕಟ್ಟಿಹಾಕಿದ್ದೇವೆ. ಮಗು ಊರು ಬಿಟ್ಟರೂ ಹೆಸರು ಅಲ್ಲೇ ಉಳಿಯುತ್ತದೆ. ಬಿಸಿಯೂಟ, ಪುಸ್ತಕ, ಸಮವಸ್ತ್ರ, ಶಿಕ್ಷಕರು ಎಲ್ಲವೂ ಹೆಸರಿದ್ದ ಕಡೆಯೇ ಉಳಿಯುತ್ತವೆ. ಮಗು ಎಲ್ಲಿ ಮಲಗುತ್ತದೋ ಅಲ್ಲಿಗೆ ಇವೆಲ್ಲ ಹೋಗಬೇಕು, ಮತ್ತು ಹಾಗೆ ಹೋಗುವಂತೆ ನೋಡಿಕೊಳ್ಳುವ ಒಬ್ಬ ಅಧಿಕಾರಿ ಇರಬೇಕು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಅದು ಯಾಕೆ ಆಗುತ್ತಿಲ್ಲ ಅನ್ನುವುದನ್ನು ಬಿಡಿಸಿ ನೋಡೋಣ.

ಯಾಕೆ ಹೋಗುತ್ತಾರೆ

"ತಂದೆ ತಾಯಿಗೆ ಮಕ್ಕಳ ಓದಿನ ಬೆಲೆ ಗೊತ್ತಿಲ್ಲ" ಅನ್ನುವ ಮಾತು ನಗರಗಳಲ್ಲಿ ತುಂಬಾ ಸುಲಭವಾಗಿ ಬರುತ್ತದೆ. ಆ ಮಾತು ತಪ್ಪು, ಅನ್ಯಾಯ ಕೂಡ. ಪ್ರಾದೇಶಿಕ ಅಸಮತೋಲನದ ಬಗ್ಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಅತ್ಯಂತ ಹಿಂದುಳಿದವು ಅಂತ ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದಲ್ಲೇ ಇದ್ದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿತ್ತು. ಯಾದಗಿರಿಯದು ಶೇ 52ರ ಹತ್ತಿರ, ರಾಜ್ಯದಲ್ಲೇ ಕಡಿಮೆ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು, ಪ್ರತ್ಯೇಕ ಅಭಿವೃದ್ಧಿ ಮಂಡಳಿ ಬಂತು. ಆದರೂ ಕಾಲುವೆಯ ಕೊನೆಯಲ್ಲಿರುವ ಊರುಗಳಿಗೆ, ಕಾಲುವೆಯೇ ಇಲ್ಲದ ತಾಂಡಾಗಳಿಗೆ (ಲಂಬಾಣಿಗರ ಹಟ್ಟಿಗಳಿಗೆ) ಬೇಸಿಗೆಯಲ್ಲಿ ಕೂಲಿ ಸಿಗುವುದು ಕಷ್ಟ. ಉದ್ಯೋಗ ಖಾತ್ರಿಯ ಕೂಲಿ ಕೈಗೆ ಬರುವುದು ತಡವಾದರೆ ಮನೆ ನಡೆಯುವುದಿಲ್ಲ.

ಇನ್ನೊಂದು ಕಡೆ ಮುಂಗಡದ ಕಟ್ಟು. ಕಬ್ಬಿನ ಗ್ಯಾಂಗಿಗೆ ಆಳು ಕೂಡಿಸುವ ಮುಕಾದಮ ಮಳೆಗಾಲದಲ್ಲೇ ಮನೆಗೆ ಬಂದು ಗಂಡ-ಹೆಂಡತಿಯ ಜೋಡಿಗೆ ಇಷ್ಟು ಅಂತ ದುಡ್ಡು ಕೊಟ್ಟು ಹೋಗುತ್ತಾನೆ. ಆಸ್ಪತ್ರೆ ಖರ್ಚು, ಮದುವೆ ಸಾಲ, ಬೀಜ-ಗೊಬ್ಬರದ ಬಾಕಿಗೆ ಆ ದುಡ್ಡು ಆಗಲೇ ಕರಗಿರುತ್ತದೆ. ದೀಪಾವಳಿ ಹೊತ್ತಿಗೆ ಗ್ಯಾಂಗು ಹೊರಟಾಗ "ಮಗುವಿನ ಪರೀಕ್ಷೆ ಇದೆ, ಮಾರ್ಚ್ ಆದಮೇಲೆ ಬರುತ್ತೇವೆ" ಅನ್ನಲು ಆಗುತ್ತದಾ? ಕಡಿದ ಟನ್ನಿನ ಲೆಕ್ಕದಲ್ಲಿ ಮುಂಗಡ ತೀರಬೇಕು. ಟನ್ನಿನ ಲೆಕ್ಕ ಅಂದಮೇಲೆ ಮನೆಯ ಪ್ರತಿ ಕೈಯೂ ಕೆಲಸಕ್ಕೆ ಬರುತ್ತದೆ. ಕಬ್ಬಿನ ವಾಡೆ (ತುದಿಯ ಹಸಿರು ಸೋಗೆ) ಕಟ್ಟುವುದು, ಎತ್ತಿಗೆ ಮೇವು ಹಾಕುವುದು, ನೀರು ತರುವುದು, ಕೂಸು ನೋಡಿಕೊಳ್ಳುವುದು. ಮಗು ಕೂಲಿಗೆ ಹೋಗುತ್ತಿದೆ ಅಂತ ಯಾರೂ ಬರೆದುಕೊಳ್ಳುವುದಿಲ್ಲ. ಅಪ್ಪ-ಅಮ್ಮನ ಜೊತೆ ಬಂದಿದೆ, ಅಷ್ಟೇ ಅನ್ನುತ್ತಾರೆ.

ಕಾನೂನಿನಲ್ಲಿ ಏನಿದೆ

ಕಾನೂನು ಚೆನ್ನಾಗಿದೆ ಅಂತ ಧೈರ್ಯವಾಗಿ ಹೇಳಬಹುದು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯನ್ನು ಬರೆದವರು ಗುಳೆ ಮಕ್ಕಳನ್ನು ಮರೆತಿರಲಿಲ್ಲ. 5ನೇ ಸೆಕ್ಷನ್ ಪ್ರಕಾರ ಯಾವುದೇ ಕಾರಣಕ್ಕೆ, ರಾಜ್ಯದೊಳಗೋ ಹೊರಗೋ, ಒಂದು ಶಾಲೆಯಿಂದ ಇನ್ನೊಂದು ಶಾಲೆಗೆ ಹೋಗುವ ಹಕ್ಕು ಮಗುವಿಗಿದೆ. ಟಿಸಿ (ವರ್ಗಾವಣೆ ಪತ್ರ) ತರುವುದು ತಡವಾಯಿತು ಅಂತ ಹೊಸ ಶಾಲೆ ಬಾಗಿಲು ಹಾಕುವಂತಿಲ್ಲ. ಟಿಸಿ ಕೊಡಲು ಸತಾಯಿಸುವ ಮುಖ್ಯ ಶಿಕ್ಷಕರ ಮೇಲೆ ಶಿಸ್ತು ಕ್ರಮ ತೆಗೆದುಕೊಳ್ಳಬಹುದು. 14ನೇ ಸೆಕ್ಷನ್ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಅಂತ ಪ್ರವೇಶ ನಿರಾಕರಿಸುವಂತಿಲ್ಲ. 15ನೇ ಸೆಕ್ಷನ್ ಪ್ರಕಾರ ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. 4ನೇ ಸೆಕ್ಷನ್ ಪ್ರಕಾರ ಓದು ಬಿಟ್ಟಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದಿದ್ದಕ್ಕೆ ವಿಶೇಷ ತರಬೇತಿ ಕೊಡಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು 9ನೇ ಸೆಕ್ಷನ್. ತನ್ನ ವ್ಯಾಪ್ತಿಯಲ್ಲಿ ವಾಸವಿರುವ ಪ್ರತಿ ಮಗುವಿನ ದಾಖಲೆ ಇಡುವುದು, ಹಾಜರಾತಿ ನೋಡಿಕೊಳ್ಳುವುದು, ವಲಸೆ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ ಅಂತ ಅಲ್ಲಿ ಬರೆದಿದೆ. ವಾಸವಿರುವ ಮಗು ಅಂದಿದೆ. ಹುಟ್ಟಿದ ಊರು, ರೇಷನ್ ಕಾರ್ಡಿನ ಊರು ಅಂತ ಎಲ್ಲೂ ಇಲ್ಲ. ಹಾಗಾಗಿ ವೈಟ್‌ಫೀಲ್ಡಿನ ಶೆಡ್ಡಿನಲ್ಲಿ ನಾಲ್ಕು ತಿಂಗಳು ಇರುವ ಯಾದಗಿರಿಯ ಮಗು ಆ ನಾಲ್ಕು ತಿಂಗಳು ಬೆಂಗಳೂರಿನ ಹೊಣೆ.

ಹೈಕೋರ್ಟ್ ಕೂಡ ಇದರ ಹಿಂದೆ ಬಿದ್ದಿತ್ತು. ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ಬಂದ ಪತ್ರಿಕಾ ವರದಿ ನೋಡಿ 2013ರಲ್ಲಿ ಕರ್ನಾಟಕ ಹೈಕೋರ್ಟ್ ಸ್ವಯಂಪ್ರೇರಿತ ಪ್ರಕರಣ ದಾಖಲಿಸಿಕೊಂಡಿತು. ಅಲ್ಲಿಯವರೆಗೆ 60 ದಿನ ಸತತ ಬರದಿದ್ದರೆ ಮಾತ್ರ ಮಗು ಶಾಲೆ ಬಿಟ್ಟಿದೆ ಅಂತ ಲೆಕ್ಕ ಹಾಕುತ್ತಿದ್ದರು. ಆಮೇಲೆ ಅದು 7 ದಿನಕ್ಕೆ ಇಳಿಯಿತು. ಒಂದು ವಾರ ಮಗು ಕಾಣದಿದ್ದರೆ ಯಾರಾದರೂ ಹೋಗಿ ವಿಚಾರಿಸಬೇಕು ಅಂತಾಯಿತು. ನಮ್ಮ ರಾಜ್ಯದಲ್ಲಿ ಮಕ್ಕಳ ಶಿಕ್ಷಣಕ್ಕೆ ಆದ ದೊಡ್ಡ ಬದಲಾವಣೆಗಳಲ್ಲಿ ಇದೂ ಒಂದು ಅಂತ ನನ್ನ ಭಾವನೆ. ಇದರ ಬಗ್ಗೆ ಮಾತಾಡುವವರು ಮಾತ್ರ ಕಡಿಮೆ.

ಹೆಸರು ತೆಗೆಯಲು ಯಾರಿಗೂ ಮನಸ್ಸಿಲ್ಲ

ಇಷ್ಟೆಲ್ಲ ಇದ್ದೂ ಮಗು ಹೇಗೆ ಕಳೆದುಹೋಗುತ್ತದೆ? ಇದಕ್ಕೆ ಊರಿನ ಶಾಲೆ ಹೇಗೆ ನಡೆಯುತ್ತದೆ ಅಂತ ನೋಡಬೇಕು.

ಶಿಕ್ಷಕರ ಹುದ್ದೆ ನಿಲ್ಲುವುದು ಮಕ್ಕಳ ಸಂಖ್ಯೆಯ ಮೇಲೆ. ಕಿರಿಯ ಪ್ರಾಥಮಿಕದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 60 ದಾಟಿದರೆ ಮೂವರು. ಒಂದು ತಾಂಡಾ ಶಾಲೆಯಲ್ಲಿ 66 ಮಕ್ಕಳಿದ್ದಾರೆ ಅಂದುಕೊಳ್ಳಿ. 20 ಮಕ್ಕಳು ಗುಳೆ ಹೋದರು. ಎಲ್ಲರಿಗೂ ಟಿಸಿ ಕೊಟ್ಟರೆ ಒಬ್ಬ ಶಿಕ್ಷಕರು "ಹೆಚ್ಚುವರಿ" ಆಗುತ್ತಾರೆ, ವರ್ಗಾವಣೆಯ ಪಟ್ಟಿಗೆ ಸೇರುತ್ತಾರೆ. ಜೂನ್‌ನಲ್ಲಿ ಆ 20 ಮಕ್ಕಳು ವಾಪಸ್ ಬಂದಾಗ ಶಿಕ್ಷಕರು ಇರುವುದಿಲ್ಲ. ಹಾಗಾಗಿ ಮುಖ್ಯ ಶಿಕ್ಷಕರು ಹೆಸರು ತೆಗೆಯುವುದಿಲ್ಲ. ಅವರನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ, ಯಾಕೆಂದರೆ ಅವರು ಉಳಿದ 46 ಮಕ್ಕಳನ್ನೂ ನೋಡಬೇಕು. 7 ದಿನದ ನಿಯಮದ ಪ್ರಕಾರ ವರದಿ ಮಾಡಿದರೆ ತಾಲ್ಲೂಕು ಕಚೇರಿಯಿಂದ "ನಿಮ್ಮ ಶಾಲೆಯಲ್ಲಿ ಯಾಕೆ ಇಷ್ಟು ಜನ ಬಿಟ್ಟಿದ್ದಾರೆ" ಅನ್ನುವ ನೋಟಿಸು ಬರುವ ಭಯ ಬೇರೆ.

ಅಪ್ಪ-ಅಮ್ಮನಿಗೂ ಟಿಸಿ ಬೇಡ. ಮಳೆ ಬಂದಾಗ ವಾಪಸ್ ಬರಬೇಕಲ್ವಾ? ಆಗ ಮತ್ತೆ ಸೇರಿಸುವ ಓಡಾಟ ಯಾಕೆ ಅಂತ ಅವರ ಯೋಚನೆ. ಇತ್ತ ನಗರದ ಶಾಲೆಗೆ ಮಗು ಹೋದರೆ ಕಂಪ್ಯೂಟರಿನಲ್ಲಿ ಅದರ ಸ್ಯಾಟ್ಸ್ (ವಿದ್ಯಾರ್ಥಿಗಳ ವಿವರ ಇಡುವ ಸರ್ಕಾರಿ ತಂತ್ರಾಂಶ) ಸಂಖ್ಯೆ ಇನ್ನೂ ಹಳೆ ಶಾಲೆಯಲ್ಲೇ ಇರುತ್ತದೆ. ಅಲ್ಲಿಂದ ಬಿಡುಗಡೆ ಆಗದೆ ಇಲ್ಲಿ ಸೇರಿಸಿಕೊಳ್ಳಲು ಬರುವುದಿಲ್ಲ. ಕಾಯ್ದೆಯಲ್ಲಿ ಟಿಸಿ ಇಲ್ಲದೆಯೂ ಪ್ರವೇಶ ಉಂಟು, ತಂತ್ರಾಂಶದಲ್ಲಿ ಇಲ್ಲ. ದಿನದ ಕೆಲಸದಲ್ಲಿ ಗೆಲ್ಲುವುದು ತಂತ್ರಾಂಶ. ಒಳ್ಳೆ ಮನಸ್ಸಿನ ಶಿಕ್ಷಕಿ "ಬಂದು ಕೂತ್ಕೋ ಮಗು" ಅನ್ನುತ್ತಾರೆ. ಆದರೆ ಆ ಮಗುವಿನ ಊಟ ಲೆಕ್ಕಕ್ಕೆ ಬರುವುದಿಲ್ಲ, ಪುಸ್ತಕ ಬಂದಿರುವುದಿಲ್ಲ, ಪರೀಕ್ಷೆಯ ಅಂಕ ಹಾಕಲು ಜಾಗ ಇರುವುದಿಲ್ಲ.

ಹೀಗೆ ಕಾಗದದ ಮೇಲೆ ಮಗು ಶಾಲೆಯಲ್ಲೇ ಇದೆ. ಶಾಲೆ ಬಿಟ್ಟವರ ಸಮೀಕ್ಷೆ ಮಾಡಿದರೂ ಸಿಗುವುದಿಲ್ಲ, ಯಾಕೆಂದರೆ ಊರಲ್ಲಿ ಕೇಳಿದರೆ "ಹೆಸರಿದೆ" ಅನ್ನುತ್ತಾರೆ, ನಗರದಲ್ಲಿ ಕೇಳಿದರೆ "ಇವರು ಇಲ್ಲಿಯವರಲ್ಲ" ಅನ್ನುತ್ತಾರೆ. ನನಗೆ ಅತಿ ಹೆಚ್ಚು ಸಂಕಟ ಕೊಡುವುದು ಇದೇ. ಯಾರೂ ಕೆಟ್ಟವರಲ್ಲದ ಈ ವ್ಯವಸ್ಥೆಯಲ್ಲಿ ಪ್ರತಿ ವರ್ಷ ಅದೇ ಮಕ್ಕಳು ಅದೇ ರೀತಿ ಕೈಬಿಟ್ಟುಹೋಗುತ್ತಾರೆ.

ಹಿಂದೆ 8ನೇ ತರಗತಿವರೆಗೆ ಯಾರನ್ನೂ ಅನುತ್ತೀರ್ಣ ಮಾಡುವಂತಿರಲಿಲ್ಲ. ಜೂನ್‌ನಲ್ಲಿ ಬಂದ ಮಗು ಮುಂದಿನ ತರಗತಿಯಲ್ಲಿ ಕೂರುತ್ತಿತ್ತು, ಓದಲು ಬರದಿದ್ದರೂ ಗೆಳೆಯರ ಜೊತೆ ಇರುತ್ತಿತ್ತು. 2019ರ ತಿದ್ದುಪಡಿ 5 ಮತ್ತು 8ನೇ ತರಗತಿಯಲ್ಲಿ ಅನುತ್ತೀರ್ಣ ಮಾಡುವ ಅವಕಾಶವನ್ನು ರಾಜ್ಯಗಳಿಗೆ ಕೊಟ್ಟಿದೆ. ಗುಣಮಟ್ಟದ ಹೆಸರಲ್ಲಿ ಅದನ್ನು ಬೇಕು ಅನ್ನುವವರು ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. ಮಾರ್ಚ್‌ನಲ್ಲಿ ಊರಲ್ಲೇ ಇಲ್ಲದ ಮಗುವನ್ನು ಯಾವ ಆಧಾರದ ಮೇಲೆ ಫೇಲು ಮಾಡುತ್ತೀರಿ?

ಶೆಡ್ಡಿನ ದಿನ

ಬೆಂಗಳೂರಿನ ಅಂಚಿನಲ್ಲಿ ಕಟ್ಟುವ ಕಟ್ಟಡಗಳ ಪಕ್ಕದ ಶೆಡ್ಡುಗಳನ್ನು ನೀವೂ ನೋಡಿರುತ್ತೀರಿ. ಬೆಳಿಗ್ಗೆ ಎಂಟಕ್ಕೆಲ್ಲ ಅಪ್ಪ-ಅಮ್ಮ ಕೆಲಸಕ್ಕೆ ಹೋದಮೇಲೆ ಅಲ್ಲಿ ಉಳಿಯುವವರು ಮಕ್ಕಳು ಮಾತ್ರ. ಎಂಟು ಹತ್ತು ವರ್ಷದ ಹುಡುಗಿ ಒಂದೂವರೆ ವರ್ಷದ ತಮ್ಮನನ್ನು ಸೊಂಟದ ಮೇಲೆ ಹೊತ್ತಿರುತ್ತಾಳೆ. ಈ ಹುಡುಗಿಯನ್ನು ಶಾಲೆಗೆ ಕಳಿಸಿ ಅಂತ ಅಮ್ಮನಿಗೆ ಬುದ್ಧಿ ಹೇಳುವುದು ಸುಲಭ. ಹಾಗಾದರೆ ಕೂಸನ್ನು ಯಾರು ನೋಡಿಕೊಳ್ಳಬೇಕು? ಕಬ್ಬಿಣದ ಸರಳು, ತೆರೆದ ನೀರಿನ ತೊಟ್ಟಿ, ಓಡಾಡುವ ಲಾರಿ ಇರುವ ಜಾಗದಲ್ಲಿ ಕೂಸನ್ನು ಒಂಟಿಯಾಗಿ ಬಿಡಲು ಯಾವ ತಾಯಿಗೂ ಆಗದು.

ಅದಕ್ಕೇ ಅಕ್ಕನ ಶಾಲೆ ತಮ್ಮನ ಶಿಶುವಿಹಾರದಿಂದ ಶುರುವಾಗುತ್ತದೆ. ಇದನ್ನು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಬರೆದವರೂ ತಿಳಿದಿದ್ದರು. 50ಕ್ಕಿಂತ ಜಾಸ್ತಿ ಹೆಣ್ಣು ಕೆಲಸಗಾರರು ಇರುವ ಕಡೆ 6 ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೋಣೆ ಇರಬೇಕು ಅಂತ ಅದರಲ್ಲಿ ಬರೆದಿದ್ದರು. ಆದರೆ ಒಂದೇ ಕಟ್ಟಡದಲ್ಲಿ ಗಾರೆ ಮೇಸ್ತ್ರಿಯ ಆಳು ಬೇರೆ, ಸೆಂಟ್ರಿಂಗ್ ಮೇಸ್ತ್ರಿಯ ಆಳು ಬೇರೆ, ಟೈಲ್ಸಿನವರು ಬೇರೆ. ಹೀಗೆ ಹಂಚಿ ಬರೆದರೆ ಯಾರ ಲೆಕ್ಕದಲ್ಲೂ 50 ಆಗುವುದಿಲ್ಲ. ಸಣ್ಣ ಕಟ್ಟಡಗಳಂತೂ ಈ ಲೆಕ್ಕಕ್ಕೇ ಬರುವುದಿಲ್ಲ.

ದುಡ್ಡಿಲ್ಲ ಅನ್ನುವ ಹಾಗೂ ಇಲ್ಲ. ಕಟ್ಟಡ ಕಟ್ಟುವವರಿಂದ ವೆಚ್ಚದ ಶೇ 1 ಸೆಸ್ ವಸೂಲಿ ಮಾಡಿ ಕಾರ್ಮಿಕ ಕಲ್ಯಾಣ ಮಂಡಳಿಗೆ ಹಾಕುತ್ತಾರೆ. ಆ ದುಡ್ಡಿನಲ್ಲಿ ನೋಂದಾಯಿತ ಕಾರ್ಮಿಕರ ಮಕ್ಕಳಿಗೆ ಶೈಕ್ಷಣಿಕ ಸಹಾಯಧನ ಇದೆ. ಆದರೆ ಸಹಾಯಧನ ಸಿಗುವುದು ಓದುತ್ತಿರುವ ಮಗುವಿಗೆ. ಓದಲು ಆಗದೆ ಶೆಡ್ಡಿನಲ್ಲಿ ಉಳಿದ ಮಗು ಅರ್ಜಿ ಹಾಕುವುದಾದರೂ ಹೇಗೆ? ಆ ದುಡ್ಡಿನ ಒಂದು ಭಾಗ ಶಿಶುವಿಹಾರಕ್ಕೆ, ಶಾಲೆಗೆ ಕರೆದೊಯ್ಯುವ ವ್ಯಾನಿಗೆ ಹೋಗಬೇಕು. ಹಳ್ಳಿಯಲ್ಲಿ 2023-24ರ ಬಜೆಟ್ಟಿನಲ್ಲಿ ಘೋಷಿಸಿದ "ಕೂಸಿನ ಮನೆ" ಇದೆ. 4,000 ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ 3 ವರ್ಷದೊಳಗಿನ ಮಕ್ಕಳಿಗಾಗಿ ಮಾಡಿದ ಯೋಜನೆ ಅದು. ಒಳ್ಳೆಯ ಯೋಚನೆ. ಅದೇ ತಾಯಿ ನಗರಕ್ಕೆ ಬಂದಾಗ ಅಂಥದೊಂದು ಮನೆ ಇಲ್ಲಿ ಇನ್ನೂ ಜಾಸ್ತಿ ಬೇಕು.

ದೂರದ್ದೂ ಒಂದು ಕಷ್ಟ. ನಿಯಮದ ಪ್ರಕಾರ 1ರಿಂದ 5ನೇ ತರಗತಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಆದರೆ ನಡುವೆ ಆರು ಪಥದ ರಸ್ತೆ ಇದ್ದರೆ ಆರು ವರ್ಷದ ಮಗುವಿಗೆ ಅದು ಎಷ್ಟು ಕಿಲೋಮೀಟರ್? ಜೊತೆಗೆ ಕಟ್ಟಡದ ಕೆಲಸ ಒಂದೇ ಕಡೆ ನಿಲ್ಲುವುದಿಲ್ಲ. ಪಾಯದ ಕೆಲಸದವರು ಮುಗಿಸಿಕೊಂಡು ಮುಂದಿನ ಸೈಟಿಗೆ ಹೋಗುತ್ತಾರೆ. ಒಂದೇ ಹಂಗಾಮಿನಲ್ಲಿ ಮಗು ಎರಡು ಮೂರು ಬಡಾವಣೆ ಸುತ್ತಬಹುದು. ಇಂಥವರಿಗಾಗಿಯೇ ಟೆಂಟ್ ಶಾಲೆಗಳು ಬಂದವು. ಏನೂ ಇಲ್ಲದಿರುವುದಕ್ಕಿಂತ ಅವು ಮೇಲು, ಆದರೆ ಪೂರ್ತಿ ಶಾಲೆಯ ಬದಲಿಗೆ ಅವನ್ನೇ ಇಟ್ಟುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಬಡವರ ಮಗುವಿಗೆ ಮಾತ್ರ ಟೆಂಟು ಸಾಕು ಅನ್ನುವ ಅಭ್ಯಾಸ ಬೇಗ ಬಂದುಬಿಡುತ್ತದೆ.

ಅಜ್ಜಿಯ ಹತ್ತಿರ ಬಿಟ್ಟು ಹೋದರೆ

ಎಷ್ಟೋ ಮನೆಗಳು ಮಕ್ಕಳನ್ನು ಅಜ್ಜ-ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತವೆ. ಓದಬೇಕು ಅನ್ನುವ ಆಸೆಯಿಂದಲೇ ಹೀಗೆ ಮಾಡುವುದು. ವಯಸ್ಸಾದ ಅಜ್ಜಿ, ಮೂರು ಮೊಮ್ಮಕ್ಕಳು, ತಿಂಗಳಿಗೊಮ್ಮೆ ಬರುವ ದುಡ್ಡು. ಇಲ್ಲಿ ಬಿಸಿಯೂಟ ದೊಡ್ಡ ಆಸರೆ. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲೇ ಮೊದಲು ಶುರುವಾದ ಅಕ್ಷರ ದಾಸೋಹ, ಹಾಲು ಕೊಡುವ 2013ರ ಕ್ಷೀರ ಭಾಗ್ಯ, ಆಮೇಲೆ ಬಂದ ಮೊಟ್ಟೆ, ಇವೆಲ್ಲ ಆ ಮಕ್ಕಳ ದಿನದ ಗಟ್ಟಿ ಊಟ. ಭಾನುವಾರ ಮತ್ತು ರಜೆಯ ದಿನ ಆ ಆಸರೆ ಇರುವುದಿಲ್ಲ.

ಹಾಸ್ಟೆಲ್ ಇದೆಯಲ್ಲ ಅಂತ ಕೇಳಬಹುದು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ಸಾವಿರಾರು ಬಡ ಮಕ್ಕಳ ಬದುಕು ಬದಲಿಸಿವೆ. ಆದರೆ ಅವು 6ನೇ ತರಗತಿಯಿಂದ ಶುರು. ಅಲ್ಲಿಗೆ ಸೇರಲು ಪರೀಕ್ಷೆ ಬರೆಯಬೇಕು. ಗುಳೆಯಲ್ಲಿ ಅರ್ಧರ್ಧ ವರ್ಷ ಕಳೆದುಕೊಂಡು 5ನೇ ತರಗತಿಗೆ ಬಂದ ಮಗು ಆ ಪರೀಕ್ಷೆಯಲ್ಲಿ ಹೇಗೆ ಗೆಲ್ಲಬೇಕು? ಚಿಕ್ಕವರಿಗೆ ಆಶ್ರಮ ಶಾಲೆಗಳಿವೆ, ಸಾಲುವಷ್ಟಿಲ್ಲ. ಸರ್ವ ಶಿಕ್ಷಾ ಅಭಿಯಾನದ ಕಾಲದಲ್ಲಿ ಗುಳೆ ಹಂಗಾಮಿಗೆ ಮಾತ್ರ ನಡೆಯುವ ಹಾಸ್ಟೆಲ್‌ಗಳು ಬಂದವು. ಊರಿನ ಶಾಲೆಯಲ್ಲೇ ರಾತ್ರಿ ಊಟ, ಮಲಗುವ ವ್ಯವಸ್ಥೆ, ನೋಡಿಕೊಳ್ಳಲು ಒಬ್ಬ ಹೆಂಗಸು. ನನಗೆ ಇದು ಎಲ್ಲಕ್ಕಿಂತ ಹಿಡಿಸುವ ಪರಿಹಾರ. ಮಗು ತನ್ನ ಊರಲ್ಲೇ, ತನ್ನ ಗೆಳೆಯರ ಜೊತೆಯೇ ಇರುತ್ತದೆ. ಆದರೆ ಇದು ಅಕ್ಟೋಬರ್‌ನಲ್ಲೇ ತೆರೆಯಬೇಕು. ಮಂಜೂರಾತಿ ತಡವಾಗಿ ಜನವರಿಯಲ್ಲಿ ತೆರೆದರೆ ಅಷ್ಟರಲ್ಲಿ ಮಗು ಅಪ್ಪ-ಅಮ್ಮನ ಜೊತೆ ಹೊರಟಿರುತ್ತದೆ. ಹೊರಟ ಮಗುವನ್ನು ಯಾರೂ ಬಸ್ಸಿಂದ ಇಳಿಸಿ ಹಾಸ್ಟೆಲ್‌ಗೆ ಕರೆತರುವುದಿಲ್ಲ.

ಹಾಗಂತ ಐದಾರು ವರ್ಷದ ಕೂಸುಗಳನ್ನೆಲ್ಲ ಹಾಸ್ಟೆಲ್‌ಗೆ ಹಾಕಿ ಅನ್ನುವವರ ಜೊತೆ ನಾನಿಲ್ಲ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ ಅಪ್ಪ-ಅಮ್ಮನ ಜೊತೆ ಇರುವುದೂ ಮಗುವಿನ ಹಕ್ಕು. ಅಮ್ಮನ ಮಡಿಲೋ ಅಕ್ಷರವೋ ಅಂತ ಬಡವರ ಮಗು ಮಾತ್ರ ಆರಿಸಿಕೊಳ್ಳಬೇಕಾ?

ದೊಡ್ಡ ಹೆಣ್ಣುಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಹದಿಮೂರು ಹದಿನಾಲ್ಕರ ಹುಡುಗಿಯನ್ನು ಶೆಡ್ಡಿಗೆ ಕರೆದೊಯ್ಯಲು ಭಯ, ಅಲ್ಲಿ ಬಾಗಿಲಿಗೆ ಚಿಲಕವೇ ಇರುವುದಿಲ್ಲ. ಅಜ್ಜಿಯ ಹತ್ತಿರ ಬಿಡಲೂ ಭಯ. ಈ ಎರಡು ಭಯದ ನಡುವೆ ಸಿಕ್ಕ ಅಪ್ಪ-ಅಮ್ಮನಿಗೆ ಮದುವೆ ಮಾಡಿಬಿಡುವುದು ರಕ್ಷಣೆ ಅನಿಸುತ್ತದೆ. ಕರ್ನಾಟಕ ತನ್ನ ತಿದ್ದುಪಡಿ ಕಾಯ್ದೆಯ ಮೂಲಕ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು ಅಂತ ಮಾಡಿತು. ಇಂಥ ಕಾನೂನು ತಂದ ಮೊದಲ ರಾಜ್ಯ ನಮ್ಮದು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆ ಆಗಿತ್ತು. ಅದರ ಹಿಂದಿನ ಸಮೀಕ್ಷೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಹತ್ತಿರದಲ್ಲಿ ಹೈಸ್ಕೂಲು, ನಂಬುವಂಥ ಹಾಸ್ಟೆಲ್ ಸಿಕ್ಕ ಕಡೆ ಅಮ್ಮಂದಿರೇ "ಓದಲಿ ಬಿಡಿ" ಅನ್ನುತ್ತಾರೆ. ಕಾನೂನಿನ ಭಯದ ಜೊತೆ ಹಾಸ್ಟೆಲಿನ ಒಂದು ಮಂಚವೂ ಬೇಕು.

14 ದಾಟಿದ ಮೇಲಂತೂ ಕಾನೂನಿನ ಕೈ ಸಡಿಲ. ಶಿಕ್ಷಣ ಹಕ್ಕು 6ರಿಂದ 14ಕ್ಕೆ ನಿಲ್ಲುತ್ತದೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ 14ರೊಳಗಿನವರನ್ನು ಎಲ್ಲ ಕೆಲಸದಿಂದ ದೂರ ಇಟ್ಟಿತು, ಆದರೆ ಶಾಲೆಯ ಸಮಯದ ಆಚೆಗೆ ಮನೆಯವರ ಕೆಲಸದಲ್ಲಿ ನೆರವಾಗಬಹುದು ಅಂತ ಒಂದು ಬಾಗಿಲು ತೆರೆದಿಟ್ಟಿತು. 14ರಿಂದ 18ರವರಿಗೆ ಗಣಿ, ಸ್ಫೋಟಕದಂಥ ಅಪಾಯದ ಕೆಲಸ ಮಾತ್ರ ನಿಷೇಧ. ಬಾಲಕಾರ್ಮಿಕ ಮಕ್ಕಳಿಗಾಗಿ ಇದ್ದ ರಾಷ್ಟ್ರೀಯ ಯೋಜನೆಯ ವಿಶೇಷ ಶಾಲೆಗಳನ್ನು 2021ರಲ್ಲಿ ಶಾಲಾ ಶಿಕ್ಷಣದ ಸಮಗ್ರ ಶಿಕ್ಷಾ ಯೋಜನೆಯೊಳಗೆ ಸೇರಿಸಿದರು. ಜೋಡಿಯಾಗಿ ಕಬ್ಬು ಕಡಿಯುವ ಮನೆಯಲ್ಲಿ "ನೆರವು" ಎಲ್ಲಿ ಮುಗಿಯುತ್ತದೆ, ಕೂಲಿ ಎಲ್ಲಿ ಶುರುವಾಗುತ್ತದೆ ಅಂತ ಯಾವ ಇನ್‌ಸ್ಪೆಕ್ಟರು ಹೇಳಬಲ್ಲರು?

ಬೇರೆಯವರು ಮಾಡಿದ್ದು, ನಾವು ಮಾಡಬಹುದಾದದ್ದು

ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯಲು ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಗೂ ಜನ ಬರುತ್ತಾರೆ. ಆ ಜಿಲ್ಲೆಯಲ್ಲಿ ಹಂಗಾಮಿನ ಹಾಸ್ಟೆಲ್ ಇವೆ. ಊರು ಬಿಡುವ ಮಗುವಿನ ಕೈಗೆ ಶಿಕ್ಷಣ ಖಾತ್ರಿ ಕಾರ್ಡು ಕೊಟ್ಟು, ಅದನ್ನು ತೋರಿಸಿದರೆ ಎಲ್ಲಿ ಬೇಕಾದರೂ ಶಾಲೆಗೆ ಸೇರಬಹುದು ಅಂತ ಮಾಡಿದ್ದಾರೆ. ಗುಜರಾತಿನಲ್ಲೂ ವಲಸೆ ಕಾರ್ಡಿನ ಪದ್ಧತಿ ಬಂತು. ಕೇರಳದ ಎರ್ನಾಕುಳಂ ಜಿಲ್ಲೆ 2017ರಲ್ಲಿ "ರೋಶ್ನಿ" ಶುರು ಮಾಡಿ, ವಲಸೆ ಮಕ್ಕಳ ಮನೆಮಾತು ಬಲ್ಲವರನ್ನೇ ಶಾಲೆಗೆ ಕರೆಸಿ, ಆ ಮಾತಿನ ಮೂಲಕ ಮಲಯಾಳಂ ಕಲಿಸಿತು. ಬೆಂಗಳೂರಿಗೆ ಬರುವ ಒಡಿಶಾ, ಬಿಹಾರ, ಬಂಗಾಳದ ಮಕ್ಕಳಿಗೆ, ಮನೆಯಲ್ಲಿ ಲಂಬಾಣಿ ಆಡುವ ನಮ್ಮದೇ ತಾಂಡಾದ ಮಕ್ಕಳಿಗೆ ಇದು ತುಂಬಾ ಬೇಕಾದದ್ದು. ನಮ್ಮ ಮಕ್ಕಳು ಹೋಗುವ ಕಡೆಯೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಮುಂಬೈ ಪಾಲಿಕೆ ಕನ್ನಡ ಮಾಧ್ಯಮದ ಶಾಲೆ ನಡೆಸುತ್ತದೆ, ಗೋವಾದಲ್ಲೂ ಸರ್ಕಾರಿ ಕನ್ನಡ ಶಾಲೆಗಳಿವೆ. ಯಾದಗಿರಿಯಿಂದ ಹೊರಡುವ ಅಮ್ಮನಿಗೆ ಆ ಶಾಲೆಯ ವಿಳಾಸ ಬರೆದುಕೊಡುವವರು ಬೇಕು.

ನಾವೇ ಮಾಡಿದ್ದೂ ಉಂಟು. ಕೋವಿಡ್ ಸಮಯದಲ್ಲಿ 2020ರ ಆಗಸ್ಟ್‌ನಲ್ಲಿ ಬಂದ "ವಿದ್ಯಾಗಮ"ದಲ್ಲಿ ಶಿಕ್ಷಕರು ಮಕ್ಕಳಿರುವ ಕಡೆಗೇ ಹೋದರು. ಗುಡಿಯ ಪೌಳಿಯಲ್ಲಿ, ಅರಳಿಕಟ್ಟೆಯಲ್ಲಿ, ಸಮುದಾಯ ಭವನದಲ್ಲಿ ಪಾಠ ನಡೆಯಿತು. ಸೋಂಕಿನ ಆತಂಕದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ಆದರೆ ಮಗು ಇರುವ ಕಡೆ ಶಾಲೆ ಹೋಗಬಹುದು ಅನ್ನುವುದು ನಮ್ಮ ಶಿಕ್ಷಣ ಇಲಾಖೆಗೆ ಗೊತ್ತಿದೆ ಅಂತಾಯಿತಲ್ವಾ.

ಹಾಗಾದರೆ ಈಗ ಏನು? ನನ್ನ ಲೆಕ್ಕದಲ್ಲಿ ಮೊದಲ ಬದಲಾವಣೆ ಸ್ಯಾಟ್ಸ್‌ನಲ್ಲಿ ಆಗಬೇಕು. ಗುಳೆ ಮಗುವಿಗೆ ಟಿಸಿ ಇಲ್ಲದೆ "ಅತಿಥಿ ಹಾಜರಿ" ಹಾಕುವ ಅವಕಾಶ ಕೊಡಿ. ಹೆಸರು ಊರಿನ ಶಾಲೆಯಲ್ಲೇ ಇರಲಿ, ಅಲ್ಲಿನ ಶಿಕ್ಷಕರ ಹುದ್ದೆಗೂ ಧಕ್ಕೆ ಬೇಡ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಹಾಜರಿ, ಊಟ, ಅಂಕ ಇವೆಲ್ಲ ನಗರದ ಶಾಲೆಯ ಲೆಕ್ಕಕ್ಕೆ ಹೋಗಲಿ. ಬಿಸಿಯೂಟದಲ್ಲಿ ಕಿರಿಯ ಪ್ರಾಥಮಿಕದ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ ಅಂತ ನಿಗದಿ ಇದೆ. ಆ 100 ಗ್ರಾಂ ಮಗುವಿನ ಹಿಂದೆಯೇ ಬರಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಇಲಾಖೆಯ ಒಂದು ಸುತ್ತೋಲೆ, ತಂತ್ರಾಂಶದಲ್ಲಿ ಒಂದು ಕಾಲಂ ಸಾಕು. ಇಷ್ಟಾದರೆ ಹೆಸರು ಮುಚ್ಚಿಡುವ ಕಾರಣವೇ ಹೋಗುತ್ತದೆ.

ಆಮೇಲೆ ಗ್ರಾಮಸಭೆಯ ತಿಂಗಳು. ಕರ್ನಾಟಕದಲ್ಲಿ 2006ರಿಂದ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತಿದೆ. ದೇಶಕ್ಕೇ ಮಾದರಿಯಾದ ಕೆಲಸ. ಸಾಮಾನ್ಯವಾಗಿ ಅದು ನಡೆಯುವುದು ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ, ನವೆಂಬರ್‌ನಲ್ಲಿ. ಅಷ್ಟರಲ್ಲಿ ಕಬ್ಬಿನ ಗ್ಯಾಂಗಿನ ಮಕ್ಕಳು ಊರಲ್ಲಿ ಇರುವುದೇ ಇಲ್ಲ. ಗುಳೆ ಜಾಸ್ತಿ ಇರುವ ಪಂಚಾಯಿತಿಗಳಲ್ಲಾದರೂ ಇದನ್ನು ಸೆಪ್ಟೆಂಬರಿಗೆ ತನ್ನಿ. ಯಾರ ಮನೆ ಹೊರಡುತ್ತದೆ, ಎಲ್ಲಿಗೆ, ಯಾರು ಉಳಿಯುತ್ತಾರೆ ಅಂತ ಅಲ್ಲೇ ಪಟ್ಟಿ ಆಗಲಿ. ಹಾಸ್ಟೆಲ್‌ಗೆ ಎಷ್ಟು ಮಂಚ ಬೇಕು ಅನ್ನುವುದೂ ಆಗಲೇ ಗೊತ್ತಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಈ ಪಟ್ಟಿ ಅಪ್ಪ-ಅಮ್ಮನನ್ನು ಬೆದರಿಸಲು, ಸೌಲಭ್ಯ ಕತ್ತರಿಸಲು ಬಳಕೆಯಾದರೆ ಮುಂದಿನ ವರ್ಷ ಯಾರೂ ನಿಜ ಹೇಳುವುದಿಲ್ಲ.

ನಗರದ ಕಡೆ ಹೊಣೆ ಒಬ್ಬರ ಮೇಲೆ ಇರಬೇಕು. ಈಗ ಶಿಕ್ಷಣ ಇಲಾಖೆ, ಕಾರ್ಮಿಕ ಇಲಾಖೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಪಾಲಿಕೆ ಎಲ್ಲರದೂ ಸ್ವಲ್ಪ ಸ್ವಲ್ಪ. ಬೆಂಗಳೂರಿನಲ್ಲಂತೂ 2025ರಿಂದ ಐದು ಪಾಲಿಕೆಗಳಾಗಿವೆ. ಹೊಸದಾಗಿ ಕೆಲಸ ಹಂಚಿಕೊಳ್ಳುವ ಈ ಹೊತ್ತಿನಲ್ಲೇ ಶಿಕ್ಷಣ ಹಕ್ಕು ಕಾಯ್ದೆಯ 9ನೇ ಸೆಕ್ಷನ್ ಯಾರ ಮೇಜಿನ ಮೇಲೆ ಅಂತ ತೀರ್ಮಾನ ಆಗಬೇಕು. ಅಕ್ಕಪಕ್ಕದ ಶಾಲೆಗಳ ಗುಂಪಾದ ಪ್ರತಿ ಕ್ಲಸ್ಟರಿಗೆ ಒಬ್ಬ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಇದ್ದಾರೆ. ತಮ್ಮ ಕ್ಲಸ್ಟರಿನೊಳಗಿನ ಪ್ರತಿ ಕಟ್ಟಡದ ಸೈಟಿನ ಮಕ್ಕಳ ಪಟ್ಟಿ ತಿಂಗಳಿಗೊಮ್ಮೆ ಅವರ ಹತ್ತಿರ ಬರಲಿ. ಪಟ್ಟಿ ಕೊಡುವುದು ಬಿಲ್ಡರಿನ ಕೆಲಸ, ಕಟ್ಟಡ ಪರವಾನಗಿಯ ಷರತ್ತು ಆಗಲಿ. ಸಿಮೆಂಟು ಎಷ್ಟು ಚೀಲ ಬಂತು ಅಂತ ಬರೆದಿಡುವವರಿಗೆ ಶೆಡ್ಡಿನಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ಬರೆದಿಡುವುದು ಕಷ್ಟವಲ್ಲ.

ಇವೆಲ್ಲ ಆಗುವವರೆಗೆ ಓದುಗರಾಗಿ ನಮ್ಮ ಕೈಯಲ್ಲೂ ಒಂದಿಷ್ಟಿದೆ. ನಿಮ್ಮ ಬೀದಿಯ ಕಟ್ಟಡದ ಶೆಡ್ಡಿನಲ್ಲಿ ಶಾಲೆಗೆ ಹೋಗದ ಮಗು ಕಂಡರೆ ಮೊದಲು ಅದರ ಅಪ್ಪ-ಅಮ್ಮನ ಹತ್ತಿರ ಮಾತಾಡಿ. ಅವರು ಒಪ್ಪಿದರೆ ಅವರ ಜೊತೆ ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ. ಟಿಸಿ ಕೇಳಿದರೆ 5ನೇ ಸೆಕ್ಷನ್, ಜನ್ಮ ದಾಖಲೆ ಕೇಳಿದರೆ 14, "ಈಗ ತಡವಾಯಿತು" ಅಂದರೆ 15 ಅಂತ ನೆನಪಿಸಿ. ಮಗುವಿಗೆ ತೊಂದರೆ ಆಗುತ್ತಿದೆ, ಕೆಲಸಕ್ಕೆ ಹಚ್ಚಿದ್ದಾರೆ ಅನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಸ್ಥಳೀಯ ಸಂಸ್ಥೆಗೆ ಲಿಖಿತ ದೂರು ಕೊಟ್ಟು, ಅಲ್ಲಿ ನ್ಯಾಯ ಸಿಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹಾಕಲು ಶಿಕ್ಷಣ ಹಕ್ಕು ಕಾಯ್ದೆಯ 32ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ. ಆ ದೂರನ್ನು ತೀರ್ಮಾನಿಸಲು ಕಾಯ್ದೆ ಮೂರು ತಿಂಗಳ ಗಡುವು ಕೊಟ್ಟಿದೆ. ಮೂರು ತಿಂಗಳಲ್ಲಿ ಗುಳೆಯೇ ಮುಗಿದಿರುತ್ತದೆ. ಹಾಗಾಗಿ ದೂರು ಬರೆಯುವ ಮೊದಲು ಸಿಆರ್‌ಪಿಯ ನಂಬರ್ ಹುಡುಕಿ ಫೋನ್ ಮಾಡಿ, ಅವತ್ತೇ ಮಗುವನ್ನು ತರಗತಿಯಲ್ಲಿ ಕೂರಿಸಿಕೊಳ್ಳಲು ಕೇಳಿ.